‘ಸ್ಟ್ರಾಡಿವೇರಿಯಸ್’ ಲೇಬಲ್ ಇರುವ ಪಿಟೀಲು: ಅಪ್ಪನದೋ, ಮಕ್ಕಳದೋ, ಕಾರ್ಖಾನೆಯದೋ?

ಪ್ರಶ್ನೆ – ಮಂದ್ರಪಂಚಮ

ಎಲ್ಲರಿಗೂ ನಮಸ್ಕಾರ. ಒಂದು ಹಳೇ ಪಿಟೀಲಿನ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಿತ್ತು. ಎಡಗಡೆ ಎಫ್ ರಂಧ್ರದಲ್ಲಿ (ಮೇಲ್ಹಲಗೆಯ ಎಫ್ ಆಕಾರದ ತೂತು) ಇಣುಕಿದರೆ ಲೇಬಲ್ ಕಾಣುತ್ತದೆ. ಎರಡು ಸಾಲು ಅಚ್ಚು: ‘ಆಂಟೋನಿಯಸ್ ಸ್ಟ್ರಾಡಿವೇರಿಯಸ್ ಕ್ರೆಮೊನೆನ್ಸಿಸ್’, ಅದರ ಕೆಳಗೆ ‘ಫಾಸಿಯೆಬಾತ್ ಆನ್ನೊ 1721’ (ಲ್ಯಾಟಿನ್‌ನಲ್ಲಿ, 1721ರಲ್ಲಿ ಮಾಡಿದ್ದು ಅಂತ). ಪಕ್ಕದಲ್ಲಿ ದುಂಡು ಮುದ್ರೆ, ಒಳಗೆ ಶಿಲುಬೆ ಮತ್ತು ಎರಡು ಅಕ್ಷರ. ದೇಶದ ಹೆಸರು ಎಲ್ಲೂ ಇಲ್ಲ.

ಬೆನ್ನುಹಲಗೆ ಎರಡು ತುಂಡಿನ ಮೇಪಲ್, ಉದ್ದ ಟೇಪಿನಲ್ಲಿ 359 ಮಿ.ಮೀ. ವಾರ್ನಿಷ್ ಕೆಂಪು ಕಂದು, ನಡುವೆ ತಿಳಿ, ಅಂಚಿನ ಕಡೆ ಗಾಢ. ಮೇಲ್ಹಲಗೆಯಲ್ಲಿ ಬಲ ಎಫ್ ರಂಧ್ರದ ಕೆಳತುದಿಯಿಂದ ಅಂಚಿನವರೆಗೆ 6 ಸೆಂ.ಮೀ.ನಷ್ಟು ಬಿರುಕು. ಈಗ ತಂತಿ ಕಟ್ಟಿದೆ, ಶ್ರುತಿ ಇಳಿಸಿಟ್ಟಿದೆ.

ಅಪ್ಪಟ ಸ್ಟ್ರಾಡಿವೇರಿಯಸ್, ಅಂದರೆ ಇಟಲಿಯ ಕ್ರೆಮೊನಾದ ಆಂಟೋನಿಯೊ ಸ್ಟ್ರಾಡಿವಾರಿ ಮಾಡಿದ ಹೆಸರಾಂತ ಪಿಟೀಲು ಸಿಕ್ಕಿಬಿಟ್ಟಿತು ಅನ್ನುವ ಭ್ರಮೆ ಇಲ್ಲ. ಆದರೆ ಅವನ ಮಕ್ಕಳಾದ ಫ್ರಾಂಚೆಸ್ಕೊ ಮತ್ತು ಒಮೊಬೊನೊ ಮಾಡಿದ ವಾದ್ಯಕ್ಕೂ ಅಪ್ಪನ ಲೇಬಲ್ಲೇ ಹೋಗುತ್ತಿತ್ತು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಹಾಗಿದ್ದರೆ ಲೇಬಲ್‌ನಿಂದ ತಿಳಿಯುವುದಾದರೂ ಏನು? ಮಕ್ಕಳ ಕೈಯನ್ನು ಬೇರೆ ಮಾಡಿ ಗುರುತಿಸಲು ಆಗುತ್ತದಾ? ಮನೆಯಲ್ಲೇ, ಪಿಟೀಲು ಬಿಚ್ಚದೆ, ಏನೇನು ನೋಡಬಹುದು? ಬಿರುಕಿಗೆ ಈಗಲೇ ಕೈ ಹಾಕಬೇಕಾ?

ಉತ್ತರ 1 – ಹಳೇಕಾಗದ

ಕೊನೆಯ ಎರಡು ಪ್ರಶ್ನೆ ರಿಪೇರಿ ಬಲ್ಲವರಿಗೆ ಬಿಡುತ್ತೇನೆ. ಮೊದಲಿನ ಎರಡಕ್ಕೆ ಉತ್ತರ ಹೇಳಬೇಕಾದರೆ ಕ್ರೆಮೊನಾ ಊರಿನ ಮೂರು ಮನೆತನ ನೋಡಬೇಕು. ಅಪ್ಪನ ಹೆಸರನ್ನು ಮಕ್ಕಳು ಬಳಸಿದ ರೀತಿ ಮೂರರಲ್ಲೂ ಬೇರೆ ಬೇರೆ.

ಮೊದಲು ಅಮಾತಿ. ಆಂಡ್ರಿಯಾ ಅಮಾತಿ 1577ರಲ್ಲಿ ತೀರಿಕೊಂಡ ಮೇಲೆ ಮಕ್ಕಳಾದ ಆಂಟೋನಿಯೊ, ಜಿರೊಲಾಮೊ ಇಬ್ಬರ ಹೆಸರೂ ಸೇರಿದ ಲೇಬಲ್ ಬಳಸಿದರು: ಇಬ್ಬರ ಹೆಸರು, ಸಹೋದರರು ಎಂಬ ಸೂಚನೆ, ಜೊತೆಗೆ ‘ಆಂಡ್ರಿಯಾನ ಮಕ್ಕಳು’. 1588ರಲ್ಲಿ ಅಣ್ಣತಮ್ಮ ಪಾಲಾದರು, ಕಾರ್ಯಾಗಾರ ಜಿರೊಲಾಮೊನ ಪಾಲಿಗೆ ಬಂತು. ಆಂಟೋನಿಯೊ 1607ರಲ್ಲಿ ತೀರಿಕೊಂಡ. ಲೇಬಲ್ ಮಾತ್ರ ಜಿರೊಲಾಮೊ ಪ್ಲೇಗಿಗೆ ಬಲಿಯಾದ 1630ರವರೆಗೂ ಹಾಗೇ ನಡೆಯಿತು. ಅಂದರೆ 1615ರ ‘ಅಮಾತಿ ಸಹೋದರರು’ ಪಿಟೀಲಿನಲ್ಲಿ ಒಬ್ಬ ಸಹೋದರ ಬದುಕೇ ಇರಲಿಲ್ಲ. ಆ ಹೊತ್ತಿಗೆ ಜೊತೆಗೆ ಕೂತು ಕೆತ್ತುತ್ತಿದ್ದವನು ಜಿರೊಲಾಮೊನ ಮಗ ನಿಕೊಲೊ. ಇದನ್ನು ಮೋಸ ಅನ್ನುವ ಹಾಗಿಲ್ಲ. ಲೇಬಲ್ ಅಂದರೆ ಆಗ ಅಂಗಡಿಯ ಬೋರ್ಡು, ಸಹಿ ಅಲ್ಲ.

ಗ್ವಾರ್ನೇರಿ ಮನೆಯದು ಇನ್ನೊಂದು ದಾರಿ. ಆಂಡ್ರಿಯಾ ಗ್ವಾರ್ನೇರಿ (ನಿಕೊಲೊ ಅಮಾತಿಯ ಶಿಷ್ಯ) ತನ್ನ ಲೇಬಲ್‌ನಲ್ಲಿ ಸಂತ ತೆರೇಸಾಳ ಹೆಸರನ್ನು ಅಂಗಡಿಯ ಗುರುತಾಗಿ ಹಾಕುತ್ತಿದ್ದ. ಹಿರಿಮಗ ಪಿಯೆತ್ರೊ ಮಾಂಟುವಾಗೆ ಹೋದ. ಊರು ಬಿಟ್ಟರೂ ಲೇಬಲ್‌ನಿಂದ ತೆರೇಸಾಳನ್ನು ಬಿಡಲಿಲ್ಲ. ಕಿರಿಯ ಜುಸೆಪ್ಪೆ ಮನೆಯಲ್ಲೇ ಉಳಿದು ‘ಆಂಡ್ರಿಯಾನ ಮಗ’ ಅಂತಲೇ ಬರೆದುಕೊಂಡ, ಇವತ್ತಿಗೂ ಅವನನ್ನು ‘ಫಿಲಿಯಸ್ ಆಂಡ್ರಿಯೆ’ ಅಂತಲೇ ಕರೆಯುತ್ತಾರೆ. ಈ ಜುಸೆಪ್ಪೆಯ ದೊಡ್ಡ ಮಗ ಇನ್ನೊಬ್ಬ ಪಿಯೆತ್ರೊ, ವೆನಿಸ್ ಸೇರಿದ. ಚಿಕ್ಕವನೇ ಬಾರ್ತೊಲೊಮೆಯೊ ಜುಸೆಪ್ಪೆ, 1722ರಲ್ಲಿ ಮದುವೆಯಾಗಿ ಅಪ್ಪನ ಮನೆಯಿಂದ ಹೊರಬಿದ್ದವನು. 1730ರ ದಶಕದಲ್ಲಿ ಇವನ ಲೇಬಲ್‌ನಲ್ಲಿ ಅಪ್ಪನೂ ಇಲ್ಲ, ತೆರೇಸಾಳೂ ಇಲ್ಲ. ಬದಲಿಗೆ ಶಿಲುಬೆ ಮತ್ತು ಯೇಸುವಿನ ಹೆಸರಿನ ಮೂರು ಅಕ್ಷರ. ‘ದೆಲ್ ಜೆಸು’ ಅನ್ನುವುದು ಅಲ್ಲಿಂದ ಬಂದ ಹೆಸರು. ಹೆಸರಾಂತ ಪಿಟೀಲು ವಾದಕ ಪಗನೀನಿ ನುಡಿಸುತ್ತಿದ್ದ ‘ಕನೋನೆ’ (1743) ಇವನ ಕೆಲಸ.

ತಮಾಷೆ ಏನೆಂದರೆ, ಹೀಗೆ ಬೇರೆಯಾದ ಮಗನ ಪಿಟೀಲುಗಳಲ್ಲೇ ಅಪ್ಪನ ಕೈ ಸಿಗುತ್ತದೆ. 1730ರ ದಶಕದ ದೆಲ್ ಜೆಸು ವಾದ್ಯಗಳ ಸುರುಳಿ (ತಲೆಯ ತುದಿಯ ಕೆತ್ತನೆ) ಕೆತ್ತಿದವನು ಅಪ್ಪ ಜುಸೆಪ್ಪೆ ಅನ್ನುವುದು ಇವತ್ತಿನ ತಜ್ಞರ ಸಾಮಾನ್ಯ ಅಭಿಪ್ರಾಯ. ಒಡಲು ಒರಟು, ಅವಸರದ್ದು. ಸುರುಳಿ ಮಾತ್ರ ಹಳೇ ಕಾಲದ ಶಿಸ್ತಿನದು. ಅಪ್ಪ ಕೈಬಿಟ್ಟ ಮೇಲಿನ ವರ್ಷಗಳಲ್ಲಿ ಸುರುಳಿಯೂ ಒಡಲಿನಷ್ಟೇ ಒರಟಾಗುತ್ತದೆ.

ಈಗ ನಿಮ್ಮ ಸ್ಟ್ರಾಡಿವಾರಿ. ಆಂಟೋನಿಯೊ 1737ರ ಡಿಸೆಂಬರ್ 18ರಂದು ತೀರಿಕೊಂಡ. ಕೊನೆಯ ಕೆಲವು ಲೇಬಲ್‌ಗಳಲ್ಲಿ ವಯಸ್ಸೂ ಬರೆದಿದೆ. 1736ರ ‘ಮುಂಟ್ಸ್’ ಪಿಟೀಲಿನಲ್ಲಿ 92 ವರ್ಷ ಎಂದಿದೆ. ಅವನು ಹುಟ್ಟಿದ್ದು 1644ರ ಸುಮಾರಿಗೆ ಎಂಬ ಲೆಕ್ಕ ಇಂಥ ಲೇಬಲ್‌ಗಳಿಂದಲೇ ಬಂದದ್ದು. ಫ್ರಾಂಚೆಸ್ಕೊ ಹುಟ್ಟಿದ್ದು 1671ರಲ್ಲಿ, ಒಮೊಬೊನೊ 1679ರಲ್ಲಿ. ಅಪ್ಪ ಸತ್ತಾಗ ಇಬ್ಬರೂ ವಯಸ್ಸಾದವರೇ. ಒಮೊಬೊನೊ 1742ರಲ್ಲಿ, ಫ್ರಾಂಚೆಸ್ಕೊ 1743ರಲ್ಲಿ ತೀರಿಕೊಂಡರು. ಅಂದರೆ ಸ್ವಂತ ಹೆಸರಿನಲ್ಲಿ ಕೆಲಸ ಮಾಡಲು ಸಿಕ್ಕಿದ್ದು ಐದಾರು ವರ್ಷ. ಅಪ್ಪನ ಬೆಂಚಿನ ಪಕ್ಕ ಕೂತು ಮಾಡಿದ್ದು ನಲವತ್ತು ವರ್ಷಕ್ಕೂ ಹೆಚ್ಚು.

ಅಪ್ಪನ ಉಯಿಲು ಸಿಕ್ಕಿದೆ, 1729ರದು. ಅದರಲ್ಲಿ ಕಾರ್ಯಾಗಾರದ ಉತ್ತರಾಧಿಕಾರಿ ಫ್ರಾಂಚೆಸ್ಕೊ. ಒಮೊಬೊನೊನ ಪಾಲು ಸಣ್ಣದು, ಮೇಲಾಗಿ ಅವನು ಹರೆಯದಲ್ಲಿ ನೇಪಲ್ಸ್‌ಗೆ ಹೋಗಿದ್ದಾಗ ಆದ ಖರ್ಚನ್ನೂ ಅಪ್ಪ ಮರೆತಿಲ್ಲ. ಮೂವತ್ತು ವರ್ಷದ ಹಿಂದಿನ ಬಾಕಿಯನ್ನು ಉಯಿಲಿನವರೆಗೆ ಎಳೆದು ತಂದ ಮನುಷ್ಯ! ಇಂಥ ಯಜಮಾನನ ಕೆಳಗೆ ಮಕ್ಕಳ ಹೆಸರಿನ ಲೇಬಲ್ ಅಷ್ಟು ಅಪರೂಪ ಯಾಕೆ ಅನ್ನುವುದು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳ ಸುಳಿವು ಕೊಡುವ ಲೇಬಲ್‌ಗಳು ಇವೆ, ಆದರೆ ಬೆರಳೆಣಿಕೆ. ಒಂದು ಬಗೆ, ‘ಆಂಟೋನಿಯೊ ಸ್ಟ್ರಾಡಿವಾರಿಯ ಮಾರ್ಗದರ್ಶನದಲ್ಲಿ’ ಎಂಬ ಅರ್ಥದ್ದು. ಇನ್ನೊಂದು, 1740ರ ಸುಮಾರಿನ ‘ಒಮೊಬೊನಸ್, ಆಂಟೋನಿಯೊನ ಮಗ’. ಮತ್ತೊಂದು ಫ್ರಾಂಚೆಸ್ಕೊನದು, 1742ರದು, ಅದರಲ್ಲೂ ‘ಆಂಟೋನಿಯೊನ ಮಗ’ ಇದ್ದೇ ಇದೆ. ಇಷ್ಟು ಬಿಟ್ಟರೆ ಉಳಿದದ್ದೆಲ್ಲ ಅಪ್ಪನ ಹೆಸರಿನಲ್ಲೇ ಹೊರಬಿದ್ದಿದೆ.

ಎರಡನೇ ಹೆಂಡತಿಯ ಮಗ ಪಾವೊಲೊ ಬಟ್ಟೆ ವ್ಯಾಪಾರಿ, ಉಳಿ ಹಿಡಿದವನಲ್ಲ. ಅಣ್ಣಂದಿರ ನಂತರ ಮಾರದೆ ಉಳಿದ ವಾದ್ಯ, ಪಿಟೀಲು ಕಟ್ಟುವ ಮರದ ಅಚ್ಚು, ಕಾಗದದ ಮಾದರಿಗಳೆಲ್ಲ ಅವನ ಕೈಗೆ ಬಂದವು. 1775–76ರಲ್ಲಿ ಅವೆಲ್ಲ ವಾದ್ಯ ಸಂಗ್ರಾಹಕ ಕೌಂಟ್ ಕೊಜಿಯೊ ದಿ ಸಲಬೂಯೆಗೆ ಮಾರಾಟವಾದವು. ಮಾತುಕತೆಯ ನಡುವೆ ಪಾವೊಲೊ ಸತ್ತ, ಅವನ ಮಗ ಮುಗಿಸಿದ. ಆ ಅಚ್ಚು, ಮಾದರಿಗಳು ಕೈಯಿಂದ ಕೈಗೆ ದಾಟಿ, ಜುಸೆಪ್ಪೆ ಫಿಯೊರಿನಿ ಎಂಬ ಪಿಟೀಲು ತಯಾರಕ 1920ರಲ್ಲಿ ಕೊಂಡು, 1930ರಲ್ಲಿ ಕ್ರೆಮೊನಾ ನಗರಕ್ಕೆ ಕೊಟ್ಟ. ಈಗ ಅಲ್ಲಿನ ಪಿಟೀಲು ಮ್ಯೂಸಿಯಮ್ಮಿನಲ್ಲಿವೆ. ಸ್ಟ್ರಾಡಿವಾರಿ ಕೆಲಸ ಹೇಗೆ ನಡೆಯುತ್ತಿತ್ತು ಅಂತ ಇಷ್ಟು ಖಚಿತವಾಗಿ ಗೊತ್ತಿರುವುದು, ಕಸುಬು ಕಲಿಯದ ಮಗ ಅದನ್ನೆಲ್ಲ ಸೌದೆಗೆ ಹಾಕದೆ ಒಟ್ಟಿಗೆ ಮಾರಿದ್ದರಿಂದ.

ಉತ್ತರ 2 – ಬಿರಡೆ

ಮಂದ್ರಪಂಚಮ ಅವರೇ, ಮೊದಲು ಲೇಬಲ್ ಮುಗಿಸಿಬಿಡೋಣ. ಸ್ಟ್ರಾಡಿವೇರಿಯಸ್ ಅನ್ನುವ ಹೆಸರಿನಲ್ಲಿ ‘ಡಿ’ ಆದ ಮೇಲಿನ ಅಕ್ಷರ ಭೂತಗನ್ನಡಿಯಲ್ಲಿ ನೋಡಿ. ಅಸಲಿ ಲೇಬಲ್‌ಗಳಲ್ಲಿ ಅದು ಸಣ್ಣ ‘ಯು’. 1730ರ ಸುಮಾರಿಗೆ ಅಚ್ಚು ಬದಲಾದ ಮೇಲೆಯೇ ‘ವಿ’ ಬಂದದ್ದು. 1721ನೇ ಇಸವಿಯ ಲೇಬಲ್‌ನಲ್ಲಿ ‘ವಿ’ ಇದ್ದರೆ ಆ ಕಾಗದ ಆ ಕಾಲದ್ದಲ್ಲ, ಕತೆ ಅಲ್ಲಿಗೆ ಮುಗಿಯಿತು. ‘ಯು’ ಇದ್ದರೂ ಹಿಗ್ಗಬೇಡಿ, ಅದನ್ನೂ ನಕಲು ಮಾಡಿದವರಿದ್ದಾರೆ.

ಇನ್ನು ವಾದ್ಯ. ಬೇಕಾಗಿರುವುದು: ತಂತಿಗೆ ಸಿಕ್ಕಿಸಿದ ಸಣ್ಣ ಎಲ್‌ಇಡಿ ಬಲ್ಬು, ಹಲ್ಲಿನ ಡಾಕ್ಟರು ಬಳಸುವ ಪುಟ್ಟ ಕನ್ನಡಿ, ಅಥವಾ ಮೊಬೈಲಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ (5.5 ಮಿ.ಮೀ. ತಲೆಯದು ಎಫ್ ರಂಧ್ರದಲ್ಲಿ ಆರಾಮಾಗಿ ಇಳಿಯತ್ತೆ). ಎಂಡ್‌ಪಿನ್ (ಕೆಳತುದಿಯ ಗುಬಟು) ಕಿತ್ತು ಆ ತೂತಿನಿಂದ ನೋಡಿ ಅಂತ ಕೆಲವರು ಹೇಳ್ತಾರೆ. ಅದಕ್ಕೆ ನಾಲ್ಕೂ ತಂತಿ ಸಡಿಲಿಸಬೇಕು. ಸಡಿಲಿಸಿದರೆ ಒಳಗಿನ ಸೌಂಡ್‌ಪೋಸ್ಟ್ (ಸಣ್ಣ ಮರದ ಕಂಬ) ಬೀಳಬಹುದು, ಯಾಕೆಂದರೆ ಅದಕ್ಕೆ ಅಂಟಿಲ್ಲ, ಎರಡು ಹಲಗೆಗಳ ಒತ್ತಡದಲ್ಲಿ ನಿಂತಿರತ್ತೆ. ಅದು ಬಿದ್ದದ್ದು ನೋಡದೆ ಮತ್ತೆ ತಂತಿ ಬಿಗಿದರೆ ಮೇಲ್ಹಲಗೆ ಕುಸಿಯಬಹುದು. ನಿಮ್ಮದರಲ್ಲಿ ಬಿರುಕು ಬೇರೆ ಇದೆ. ಹಾಗಾಗಿ ಎಫ್ ರಂಧ್ರವೇ ಸಾಕು.

ನೋಡಬೇಕಾದ ಕ್ರಮ:

ಮೂಲೆಗಳ ಒಳಗೆ. ಪಿಟೀಲಿಗೆ ಹೊರಚಾಚಿದ ಮೂಲೆ ನಾಲ್ಕು. ಕ್ರೆಮೊನಾದಲ್ಲಿ ಮರದ ಒಳಅಚ್ಚಿನ ಸುತ್ತ ಪಕ್ಕದ ಪಟ್ಟಿ ಬಗ್ಗಿಸಿ ಕಟ್ಟುತ್ತಿದ್ದರು, ಹಾಗಾಗಿ ನಾಲ್ಕು ಮೂಲೆಯಲ್ಲೂ ಗಟ್ಟಿ ಬ್ಲಾಕ್ ಇರಲೇಬೇಕು. ಸ್ಟ್ರಾಡಿವಾರಿ ಕಾರ್ಯಾಗಾರದಲ್ಲಿ ಅದು ವಿಲೋ ಮರ. ಪಟ್ಟಿಗೆ ಆಸರೆಯಾದ ಲೈನಿಂಗ್ ಕೂಡ ವಿಲೋ, ಸೊಂಟದ ಭಾಗದಲ್ಲಿ ಅದರ ತುದಿ ಬ್ಲಾಕಿನೊಳಗೆ ತೋಡಿ ಕೂರಿಸಿರತ್ತೆ. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮಾರ್ಕ್‌ನಾಯ್‌ಕಿರ್ಕನ್, ಪಕ್ಕದ ಬೊಹೀಮಿಯಾದ ಶೋನ್‌ಬಾಖ್ ಕಡೆಯ ಅಗ್ಗದ ಪಿಟೀಲಿನಲ್ಲಿ ಅಚ್ಚಿಲ್ಲದೆ ನೇರ ಬೆನ್ನುಹಲಗೆ ಮೇಲೇ ಪಟ್ಟಿ ನಿಲ್ಲಿಸುತ್ತಿದ್ದರು. ಅಲ್ಲಿ ಬ್ಲಾಕ್ ಇರಲ್ಲ, ಅಥವಾ ಇದೆ ಅನ್ನಿಸಲು ತೆಳು ಚಕ್ಕೆ ಅಡ್ಡ ಅಂಟಿಸಿರತ್ತೆ. ಎಫ್ ರಂಧ್ರದಿಂದ ಕಾಣುವುದು ಕೆಳಗಿನ ಎರಡು ಮೂಲೆ, ಮೇಲಿನೆರಡು ಕಷ್ಟ. ಅದಕ್ಕೇ ಕೆಲವು ಕಾರ್ಖಾನೆ ಮಾಲಿನಲ್ಲಿ ಕೆಳಗೆ ಬ್ಲಾಕ್, ಮೇಲೆ ಖಾಲಿ! ಕ್ಯಾಮೆರಾ ಇದ್ದರೆ ಮೇಲಿನದನ್ನೂ ನೋಡಿ.

ಬಾಸ್‌ಬಾರ್. ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಎಡಗಾಲಿನ ಕೆಳಗೆ, ಮೇಲ್ಹಲಗೆಯ ಒಳಗಡೆ ಉದ್ದಕ್ಕೆ ಓಡುವ ಪಟ್ಟಿ, ಈಗಿನ ಅಳತೆಯಲ್ಲಿ ಸುಮಾರು 270 ಮಿ.ಮೀ. ಉದ್ದ, ಐದೂವರೆ ಮಿ.ಮೀ. ದಪ್ಪ. ಬೇರೆ ಮರ ಕೆತ್ತಿ ಅಂಟಿಸಿದ್ದರೆ ಅಂಟಿನ ಗೆರೆ ಕಾಣತ್ತೆ. ಮೇಲ್ಹಲಗೆಯದೇ ಮರವನ್ನು ಏಣಾಗಿ ಬಿಟ್ಟು ಸುತ್ತ ಗೀರಿದ್ದರೆ ಗೆರೆ ಇರಲ್ಲ, ಸುತ್ತಮುತ್ತ ಉಳಿಯ ಗುರುತು ಹಾಗೇ ಒರಟಾಗಿರತ್ತೆ. ಸಮಯ ಉಳಿಸಲು ಮಾಡುತ್ತಿದ್ದ ಕೆಲಸ ಅದು.

ಸುರುಳಿ. ಹಿಂಬದಿಯ ಎರಡು ಕಾಲುವೆಗಳು ಮೇಲಿಂದ ಸುತ್ತಿ ಮುಂದೆ ಬಂದು ಗಂಟಲಿನೊಳಗೆ ಎಲ್ಲಿಯವರೆಗೆ ಹೋಗುತ್ತವೆ? ಕ್ರೆಮೊನಾದ್ದರಲ್ಲಿ ಕಣ್ಣಿಗೆ ಕಾಣದ ತುದಿಯವರೆಗೂ ಕೆತ್ತಿರುತ್ತಾರೆ. ಕಾರ್ಖಾನೆ ಮಾಲಿನಲ್ಲಿ ಕೆಳಗೆ ತಲುಪುವಷ್ಟರಲ್ಲಿ ಕಾಲುವೆ ಮಾಯ.

ನೆಕ್ (ಕತ್ತು) ಕಸಿ. ಇದು ಮುಖ್ಯ. ಹಳೇ ಕ್ರೆಮೊನಾ ವಾದ್ಯಗಳ ನೆಕ್ ಗಿಡ್ಡ, ಒಳಗಿನ ಬ್ಲಾಕಿಗೆ ಮೊಳೆ ಹೊಡೆದು ಕೂರಿಸಿದ್ದು. 1800ರ ಆಚೀಚೆ ನೆಕ್ ಉದ್ದವಾಗಬೇಕಾಯಿತು, ಓರೆ ಹೆಚ್ಚಾಗಬೇಕಾಯಿತು. ಆಗ ಹಳೇ ಸುರುಳಿ ಮತ್ತು ಬಿರಡೆ ಪೆಟ್ಟಿಗೆ ಉಳಿಸಿಕೊಂಡು ಕೆಳಗೆ ಹೊಸ ನೆಕ್ ಕಸಿ ಮಾಡಿದರು. ಆದ್ದರಿಂದ ಅಸಲಿ ಸ್ಟ್ರಾಡಿವಾರಿಗಳಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ಬಿರಡೆ ಪೆಟ್ಟಿಗೆಯ ಎರಡೂ ಕೆನ್ನೆಯಲ್ಲಿ ಕಸಿಯ ಗೆರೆ ಇರತ್ತೆ. ನಕಲು ಮಾಡುವವರಿಗೂ ಇದು ಗೊತ್ತು. ಚೂರಿಯಿಂದ ಒಂದು ಗೆರೆ ಗೀರಿ ಕಪ್ಪು ತುಂಬಿಬಿಡುತ್ತಾರೆ. ಮೇಪಲ್ಲಿನ ಪಟ್ಟೆ, ಮರದ ನಾರು ಗೆರೆಯ ಆಚೆಗೂ ಕಡಿಯದೆ ಓಡಿದ್ದರೆ ಅದು ಬರೀ ಗೀರು.

ಅಂಚುಗೆರೆ. ಪರ್ಫ್ಲಿಂಗ್ ಅನ್ನುತ್ತಾರಲ್ಲ, ಅದು ಮೂರು ಪಟ್ಟಿ ಸೇರಿಸಿ ತೋಡಿ ಕೂರಿಸಿದ್ದೋ, ಶಾಯಿಯ ಗೆರೆಯೋ? ಗಲ್ಲ ತಾಕಿ ಸವೆದ ಜಾಗದಲ್ಲಿ ಗೊತ್ತಾಗತ್ತೆ. ಜೊತೆಗೆ ಬೆನ್ನುಹಲಗೆಯ ಮೇಲ್ತುದಿ, ಕೆಳತುದಿಯಲ್ಲಿ ಒಂದೊಂದು ಸಣ್ಣ ಮರದ ಮೊಳೆ ಹುಡುಕಿ. ಸ್ಟ್ರಾಡಿವಾರಿಯದರಲ್ಲಿ ಅಂಚುಗೆರೆ ಆ ಮೊಳೆಯನ್ನು ಅರ್ಧ ಕತ್ತರಿಸಿಕೊಂಡು ಹೋಗಿರತ್ತೆ.

359 ಬಗ್ಗೆ: ಸ್ಟ್ರಾಡಿವಾರಿಯ ಸಾಮಾನ್ಯ ಅಳತೆ 355ರ ಆಸುಪಾಸು. 1690ರ ದಶಕದ ‘ಉದ್ದ ಮಾದರಿ’ 362–363. ಟೇಪು ಉಬ್ಬಿನ ಮೇಲೆ ಹಾಯುವುದರಿಂದ ಒಂದೆರಡು ಮಿ.ಮೀ. ಹೆಚ್ಚು ತೋರಿಸತ್ತೆ, ನೆಕ್ ಕೂರುವ ನಾಲಿಗೆ ಬಿಟ್ಟು ಅಳೆಯಬೇಕು. ಅಳತೆಯೊಂದರಿಂದ ತೀರ್ಪು ಬೇಡ.

ಮಾಡಬಾರದ್ದು: ಸ್ಪಿರಿಟ್, ಥಿನ್ನರ್, ಪೀಠೋಪಕರಣದ ಪಾಲಿಶ್ ಹಾಕಿ ಒರೆಸುವುದು (ಸ್ಪಿರಿಟ್ ವಾರ್ನಿಷ್ ಕರಗಿಸತ್ತೆ), ಲೇಬಲ್ ಕೀಳುವುದು, ಬಿರುಕಿಗೆ ಬಡಗಿಯ ಬಿಳಿ ಅಂಟು ಸುರಿಯುವುದು.

ಮಂದ್ರಪಂಚಮ

ಇಬ್ಬರಿಗೂ ಧನ್ಯವಾದ. ನೋಡಿದ್ದನ್ನು ಬರೆಯುತ್ತೇನೆ. ಲೇಬಲ್‌ನಲ್ಲಿ ಇರುವುದು ‘ವಿ’. ಕೆಳಗಿನ ಮೂಲೆಗಳಲ್ಲಿ ಏನೋ ಮರದ ತುಂಡು ಇದೆ, ಮೇಲಿನ ಎರಡೂ ಖಾಲಿ, ಪಟ್ಟಿ ಸೇರುವ ಜಾಗ ನೇರ ಕಾಣುತ್ತದೆ. ಬಾಸ್‌ಬಾರ್‌ಗೆ ಅಂಟಿನ ಗೆರೆ ಕಾಣಲಿಲ್ಲ, ಸುತ್ತ ಉಳಿಯ ಗೀರು ಇದೆ. ಬಿರಡೆ ಪೆಟ್ಟಿಗೆಯ ಮೇಲೆ ಒಂದು ಕಡೆ ಮಾತ್ರ ಗೆರೆ, ಪಟ್ಟೆ ಅದನ್ನು ದಾಟಿಹೋಗಿದೆ. ಸುರುಳಿಯ ಕಾಲುವೆ ಕೆಳಗೆ ಬರುವ ಮೊದಲೇ ನಿಂತಿದೆ. ಅಂಚುಗೆರೆ ಕೂರಿಸಿದ್ದೇ, ಶಾಯಿ ಅಲ್ಲ. ಮರದ ಮೊಳೆ ಸಿಗಲಿಲ್ಲ.

ದೇಶದ ಹೆಸರು ಇಲ್ಲದ್ದು ಯಾವ ಕಾಲ ಅಂತ ಸೂಚಿಸುತ್ತದಾ? ಮರದ ವಯಸ್ಸು ಪರೀಕ್ಷೆ ಮಾಡಿಸಿದರೆ ಉಪಯೋಗ ಇದೆಯಾ?

ಉತ್ತರ 3 – ಬಿರಡೆ

ಸ್ಯಾಕ್ಸನಿ–ಬೊಹೀಮಿಯಾ ಕಡೆಯ ಕಾರ್ಖಾನೆ ಪಿಟೀಲು, 19ನೇ ಶತಮಾನದ ಕೊನೆ ಅಥವಾ 20ರ ಆರಂಭ. ಅನುಮಾನ ಬೇಡ. ‘ಕಾರ್ಖಾನೆ’ ಅಂದರೂ ಅದು ಗುಡಿಕೈಗಾರಿಕೆ: ಒಂದು ಮನೆಯಲ್ಲಿ ಸುರುಳಿ, ಇನ್ನೊಂದರಲ್ಲಿ ಹಲಗೆ, ಮತ್ತೊಬ್ಬ ಜೋಡಿಸಿ ವಾರ್ನಿಷ್ ಹೊಡೆಯುವುದು. ಮಧ್ಯೆ ತಿಳಿ, ಅಂಚಿಗೆ ಗಾಢ ಅಂದಿರಲ್ಲ, ಅದು ಸವೆತ ಅಲ್ಲ, ಸವೆದಂತೆ ಕಾಣಲಿ ಅಂತ ಹೊಡೆದ ಬಣ್ಣ. ನಿಜವಾದ ಸವೆತ ಎಡಬಲ ಒಂದೇ ಸಮ ಇರಲ್ಲ.

ಆ ಲೇಬಲ್ ಅಂಟಿಸಿದವರು ಮೋಸಕ್ಕೇ ಅಂಟಿಸಿದ್ದು ಅಂತಲೂ ಅಲ್ಲ. ‘ಸ್ಟ್ರಾಡ್ ಮಾದರಿ’, ‘ಅಮಾತಿ ಮಾದರಿ’ ಅಂತ ಕ್ಯಾಟಲಾಗಿನಲ್ಲೇ ಹಾಕಿ ಮಾರುತ್ತಿದ್ದರು. ಲೇಬಲ್ ಆಕಾರ ಹೇಳುತ್ತಿತ್ತು. ಕೊಂಡವರ ಮೊಮ್ಮಕ್ಕಳು ಅದನ್ನು ಹೆಸರು ಅಂತ ಓದಿದರು.

ದೇಶದ ಹೆಸರು: ಬ್ರಿಟನ್ನಿನಲ್ಲಿ 1887ರ, ಭಾರತದಲ್ಲಿ 1889ರ ಸರಕು ಗುರುತಿನ ಕಾಯಿದೆ, ಅಮೆರಿಕದಲ್ಲಿ 1891ರಿಂದ ಜಾರಿಯಾದ ಸುಂಕದ ನಿಯಮ ಬಂದ ಮೇಲೆ ‘ಮೇಡ್ ಇನ್ ಜರ್ಮನಿ’ ಅಚ್ಚು ಸಾಮಾನ್ಯವಾಯಿತು. ‘ಚೆಕೊಸ್ಲೊವಾಕಿಯಾ’ ಇದ್ದರೆ 1918ರ ನಂತರದ್ದು. ಏನೂ ಇಲ್ಲದಿದ್ದರೆ 1887ರ ಮುಂಚಿನದು ಅನ್ನುವ ಲೆಕ್ಕ ಮಾತ್ರ ಹಾಕಬೇಡಿ. ಕೆಲವೊಮ್ಮೆ ಪೆಟ್ಟಿಗೆಗೆ ಮಾತ್ರ ಅಚ್ಚು ಹಾಕುತ್ತಿದ್ದರು, ಕೆಲವೊಮ್ಮೆ ಲೇಬಲ್ಲಿನ ಕೆಳಗಿನ ಆ ಸಾಲನ್ನೇ ಅಂಗಡಿಯವರು ಕತ್ತರಿಸುತ್ತಿದ್ದರು. ಕೆಳ ಅಂಚು ಸೊಟ್ಟಗೆ ಇದೆಯಾ ನೋಡಿ.

ಬಿರುಕಿಗೆ ಕೈ ಹಾಕಲೇಬೇಕು. ಸೌಂಡ್‌ಪೋಸ್ಟಿನ ನೇರಕ್ಕೆ ಇಲ್ಲದ್ದು ನಿಮ್ಮ ಅದೃಷ್ಟ. ಅಲ್ಲಿದ್ದಿದ್ದರೆ ಒಳಗೆ ಮರ ತೋಡಿ ಪ್ಯಾಚ್ ಕೂರಿಸಬೇಕಿತ್ತು, ಪಿಟೀಲಿನ ಬೆಲೆಗಿಂತ ಕೂಲಿ ಹೆಚ್ಚಾಗೋದು. ಎಫ್ ರಂಧ್ರದಿಂದ ಅಂಚಿಗೆ ಓಡಿದ ಬಿರುಕು ಪದೇಪದೇ ಬಾಯಿ ಬಿಡತ್ತೆ, ಯಾಕೆಂದರೆ ಆ ರೆಕ್ಕೆ ಒಂದು ಕಡೆ ಸ್ವತಂತ್ರ, ಇನ್ನೊಂದು ಕಡೆ ಅಂಚಿಗೆ ಅಂಟಿದ್ದು. ಬಿಸಿಲುಕಾಲದಲ್ಲಿ ಹಲಗೆ ಕುಗ್ಗಿದಾಗ ಅಂಚು ಬಿಡಲ್ಲ, ಹಲಗೆ ಸೀಳತ್ತೆ.

ಸರಿಯಾದ ಕ್ರಮ ಇದು. ಮೇಲ್ಹಲಗೆ ಬಿಚ್ಚುವುದು: ತೆಳ್ಳಗಿನ ಮೊಂಡು ಚಾಕು ಅಂಚಿನ ಸಂದಿಗೆ ತೂರಿಸಿ, ನಿಧಾನವಾಗಿ ಸುತ್ತ. ಬಿರುಕನ್ನು ಬೆಚ್ಚಗಿನ ನೀರಲ್ಲಿ ತೊಳೆದು ಕೊಳೆ ತೆಗೆಯುವುದು. ಕೊಳೆ ಉಳಿದರೆ ಅಂಟು ಹಿಡಿಯಲ್ಲ, ಕಪ್ಪು ಗೆರೆಯೂ ಹೋಗಲ್ಲ. ಚರ್ಮದ ಅಂಟು ಹರಳುಗಳನ್ನು ತಣ್ಣೀರಲ್ಲಿ ನೆನೆಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 60 ಡಿಗ್ರಿಗೆ ಕಾಯಿಸುವುದು. ಕುದಿಸಿದರೆ ಬಲ ಹೋಗತ್ತೆ. ಅಂಟಿಸಿ ಒಣಗಿದ ಮೇಲೆ ಒಳಗಿನಿಂದ ಅಡ್ಡಕ್ಕೆ ಮೂರ್ನಾಲ್ಕು ಸಣ್ಣ ಸ್ಪ್ರೂಸ್ ಚಕ್ಕೆ. ಹಲಗೆ ಮತ್ತೆ ಕೂರಿಸುವಾಗ ತೆಳು ಅಂಟು. ಅದು ಉದ್ದೇಶಪೂರ್ವಕ: ಮುಂದೆ ಎಳೆತ ಬಂದಾಗ ಅಂಟು ಬಿಡಲಿ, ಮರ ಸೀಳದಿರಲಿ ಅಂತ. ಬಿಳಿ ಅಂಟು ಹಾಕಿದ ಪಿಟೀಲಿನಲ್ಲಿ ಈ ದಾರಿಯೇ ಮುಚ್ಚಿಹೋಗತ್ತೆ.

ಬಿಚ್ಚಿದಾಗಲೇ ಆ ಕೆತ್ತಿದ ಬಾಸ್‌ಬಾರ್ ತೆಗೆಸಿ, ಹೊಸದು ಹಾಕಿಸಿ. ಇಂಥವುಗಳ ಹಲಗೆ ನಡುವೆ ವಿಪರೀತ ದಪ್ಪ ಇರತ್ತೆ. ಅದನ್ನು 3 ಮಿ.ಮೀ. ಹತ್ತಿರಕ್ಕೆ ತಂದರೆ ನಾದ ತೆರೆದುಕೊಳ್ಳತ್ತೆ. ಕರ್ನಾಟಕ ಸಂಗೀತಕ್ಕಾದರೆ ಇದು ಇನ್ನೂ ಮುಖ್ಯ. ಸ–ಪ–ಸ–ಪ ಕಟ್ಟಿ ಶ್ರುತಿ ಇಳಿಸಿದಾಗ ತಂತಿಯ ಎಳೆತ ಪಾಶ್ಚಾತ್ಯ ಶ್ರುತಿಗಿಂತ ಎಷ್ಟೋ ಕಡಿಮೆ, ದಪ್ಪ ಹಲಗೆ ಅಲುಗುವುದೇ ಇಲ್ಲ. ಸೌಂಡ್‌ಪೋಸ್ಟ್ 6 ಮಿ.ಮೀ., ಕುದುರೆಯ ಬಲಗಾಲಿನ ಹಿಂದೆ 2–3 ಮಿ.ಮೀ. ದೂರದಿಂದ ಶುರು ಮಾಡಿ ಹೊಂದಿಸಬೇಕು.

ಉತ್ತರ 4 – ಮರಗೆರೆ

ಮರದ ವಯಸ್ಸಿನ ಪರೀಕ್ಷೆ ಕೇಳಿದ್ದೀರಿ. ಈ ಪಿಟೀಲಿಗೆ ದುಡ್ಡು ದಂಡ. ಆದರೆ ಅಪ್ಪ–ಮಕ್ಕಳ ಪ್ರಶ್ನೆಗೆ ಅದರ ಸಂಬಂಧ ಇದೆ, ಹಾಗಾಗಿ ಹೇಳುತ್ತೇನೆ.

ನೋಡುವುದು ಮೇಲ್ಹಲಗೆಯ ಸ್ಪ್ರೂಸ್. ಪ್ರತಿ ವರ್ಷದ ಉಂಗುರದ ಅಗಲ ಅಳೆದು, ಆಲ್ಪ್ಸ್ ಕಡೆಯ ಮರಗಳ ದಾಖಲೆಯ ಜೊತೆ ಹೊಂದಿಸುತ್ತಾರೆ. ಹೊಂದಿದರೆ ಕೊನೆಯ ಉಂಗುರದ ಇಸವಿ ಸಿಗುತ್ತದೆ. ಅದರರ್ಥ ‘ಆ ವರ್ಷಕ್ಕಿಂತ ಮೊದಲು ಮಾಡಿರಲು ಸಾಧ್ಯವಿಲ್ಲ’ ಅಂತ, ಅಷ್ಟೇ. ಯಾವಾಗ ಮಾಡಿದ್ದು ಅಂತಲ್ಲ. ಕೆತ್ತುವಾಗ ಹೊರಗಿನ ಉಂಗುರಗಳು ಹೋಗಿರುತ್ತವೆ, ಮರ ಒಣಗಲು ವರ್ಷಗಟ್ಟಲೆ ಇಟ್ಟಿರುತ್ತಾರೆ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮಿನಲ್ಲಿರುವ ‘ಮೆಸ್ಸಾಯ’ ಪಿಟೀಲಿನ (1716) ಬಗ್ಗೆ, ಇದು 19ನೇ ಶತಮಾನದ ನಕಲು ಅನ್ನುವ ಗಲಾಟೆ ಎದ್ದಿತ್ತು. ಆಮೇಲೆ ನಡೆದ ಅಧ್ಯಯನವೊಂದರಲ್ಲಿ ಕೊನೆಯ ಉಂಗುರ 1687ರದು ಅಂತ ಬಂತು. ಅಲ್ಲಿಗೆ ‘ಮರವೇ ಹೊಸದು’ ಅನ್ನುವ ವಾದ ಬಿತ್ತು. 1737ರಲ್ಲಿ ಅಪ್ಪ ಸತ್ತಾಗ ಮಾರದೆ ಕಾರ್ಯಾಗಾರದಲ್ಲೇ ಉಳಿದಿದ್ದು, ಪಾವೊಲೊ ಮೂಲಕ ಕೊಜಿಯೊಗೆ ಹೋದ ವಾದ್ಯ ಇದು.

ಈಗ ಮುಖ್ಯ ಮಾತು: ಈ ಪರೀಕ್ಷೆ ಅಪ್ಪನನ್ನೂ ಮಗನನ್ನೂ ಬೇರೆ ಮಾಡಲಾರದು. ಇಬ್ಬರೂ ಕೈ ಹಾಕಿದ್ದು ಒಂದೇ ಅಟ್ಟದ ಒಂದೇ ದಿಮ್ಮಿಗೆ. ಅಚ್ಚು ಒಂದೇ, ಎಫ್ ರಂಧ್ರದ ಮಾದರಿ ಒಂದೇ, ವಾರ್ನಿಷ್ ಒಂದೇ. ಬೇರೆಯಾಗುವುದು ಚಾಕು ಹಿಡಿದ ಕೈ ಮಾತ್ರ, ಅದಕ್ಕೆ ಕಣ್ಣೇ ಗತಿ.

ಇಲ್ಲಿ ಹಳೇಕಾಗದ ಅವರ ಮಾತಿಗೆ ಸ್ವಲ್ಪ ತಕರಾರು ಇದೆ. ಉಳಿದದ್ದೆಲ್ಲ ಅಪ್ಪನ ಹೆಸರಿನಲ್ಲಿ ಹೊರಬಿತ್ತು ಎನ್ನುವುದು ಸರಿ, ಆದರೆ ಆ ಲೇಬಲ್‌ಗಳೆಲ್ಲ ಆ ಮನೆಯಲ್ಲೇ ಅಂಟಿದವು ಅಂತ ಊಹಿಸಬೇಡಿ. 18–19ನೇ ಶತಮಾನದ ದಲ್ಲಾಳಿಗಳು ಮಕ್ಕಳ ಹೆಸರಿನ, ಇಲ್ಲವೇ ಕಡಿಮೆ ಹೆಸರಿನವರ ಲೇಬಲ್ ಕಿತ್ತು ಬೆಲೆ ಬರುವ ಹೆಸರು ಅಂಟಿಸುವುದು ಮಾಮೂಲಿಯಾಗಿತ್ತು. ‘ಮಕ್ಕಳ ಲೇಬಲ್ ಅಪರೂಪ’ ಅನ್ನುವುದರಲ್ಲಿ ಅಪ್ಪನ ಜೋರು ಎಷ್ಟು, ವ್ಯಾಪಾರಿಗಳ ಚಾಕು ಎಷ್ಟು ಅನ್ನುವುದು ಬೇರೆ ಬೇರೆ ಮಾಡಿ ನೋಡಬೇಕಾದ ವಿಷಯ.

ಹಿಂದಿನ ತಜ್ಞರಿಗೆ ಇನ್ನೊಂದು ಚಾಳಿ ಇತ್ತು. 1720ರ ನಂತರದ ವಾದ್ಯದಲ್ಲಿ ಎಫ್ ರಂಧ್ರದ ಅಂಚು ನಡುಗಿದ್ದರೆ, ಮೂಲೆ ಒಂದೊಂದು ಥರ ಇದ್ದರೆ, ಅದು ಮಕ್ಕಳದ್ದು ಅಂತ ಬರೆದುಬಿಡುತ್ತಿದ್ದರು. ಚೆನ್ನಾಗಿದ್ದದ್ದೆಲ್ಲ ಅಪ್ಪನದು! ಎಂಬತ್ತು ದಾಟಿದ ಮನುಷ್ಯನ ಕೈ ನಡುಗದೆ ಇರುತ್ತದಾ? ಅದಕ್ಕಿಂತ ನಂಬುವಂಥದ್ದು ಇನ್ನೊಂದು ಚಿತ್ರ: 1690ರ ದಶಕದ ಹೊತ್ತಿಗೇ ಮಕ್ಕಳು ಪಟ್ಟಿ ಬಗ್ಗಿಸುವುದು, ಲೈನಿಂಗ್, ನೆಕ್, ಪೆಟ್ಟಿಗೆ, ಟೇಲ್‌ಪೀಸ್, ಫಿಂಗರ್‌ಬೋರ್ಡ್ ಕೆಲಸ ಹೊತ್ತಿದ್ದರು. ಅಪ್ಪ ಉಬ್ಬು, ಎಫ್ ರಂಧ್ರ, ಅಂತಿಮ ರೂಪ ನೋಡಿಕೊಳ್ಳುತ್ತಿದ್ದ. ಕೊನೆಕೊನೆಗೆ ಭಾರ ಆ ಕಡೆ ಜಾರಿತು. ಸುಮಾರು 650 ವಾದ್ಯ ಇವತ್ತಿಗೂ ಉಳಿದಿವೆ, ಒಬ್ಬನೇ ಕೂತು ಮಾಡಿದ ರಾಶಿ ಅಲ್ಲ ಅದು. ‘1710ರ ಅಸಲಿ ಆಂಟೋನಿಯೊ’ದಲ್ಲೂ ಫ್ರಾಂಚೆಸ್ಕೊ ಇದ್ದಾನೆ.

ಹೀಗಾಗಿ ಮಾರುಕಟ್ಟೆಯಲ್ಲಿ ‘ಒಮೊಬೊನೊ ಸ್ಟ್ರಾಡಿವಾರಿ’ ಅಂತ ಹೆಸರಿಟ್ಟ ವಾದ್ಯ ಕಂಡರೆ ಕೇಳಬೇಕಾದ ಪ್ರಶ್ನೆ ಎರಡು. ಲೇಬಲ್ ಮೂಲದ್ದೇ? ಇಲ್ಲವಾದರೆ ಯಾವ ಭಾಗದ ಮೇಲೆ ಆ ತೀರ್ಮಾನ: ಸುರುಳಿಯಾ, ಎಫ್ ರಂಧ್ರವಾ, ಮೂಲೆಯಾ? ಬರೀ ‘ಸ್ವಲ್ಪ ಒರಟು’ ಅನ್ನುವ ಉತ್ತರ ಬಂದರೆ ಅದು ತೀರ್ಮಾನವೇ ಅಲ್ಲ.

ಉತ್ತರ 5 – ಹಳೇಕಾಗದ

ಲೇಬಲ್ ಕಿತ್ತವರ ಮಾತು ಒಪ್ಪುತ್ತೇನೆ, ಅದು ಸೇರಿಸಬೇಕಿತ್ತು. ಉಬ್ಬು ಅಪ್ಪನದು, ಪಟ್ಟಿ ಮಕ್ಕಳದು ಅನ್ನುವ ಹಂಚಿಕೆ ಮಾತ್ರ ಅಷ್ಟು ಗೆರೆ ಕೊರೆದ ಹಾಗೆ ಇರಲಿಕ್ಕಿಲ್ಲ. ಗ್ವಾರ್ನೇರಿ ಮನೆಯ ಸುರುಳಿ ನೋಡಿ, ಅಲ್ಲಿ ಮುದುಕ ಅಪ್ಪ ಮಗನಿಗೆ ಸಹಾಯಕ.

ಉತ್ತರ 6 – ಧಾರವಾಡದ ಕಮಾನು

ಎಲ್ಲಾ ಹೇಳ್ಯಾರ, ಎರಡು ಮಾತು ಉಳದಾವು ನೋಡ್ರಿ.

ಒಂದು, ಯಾರರೆ ‘ಹೊರದೇಶಕ್ಕ ಕಳಿಸ್ರಿ, ಸರ್ಟಿಫಿಕೇಟ್ ಮಾಡಿಸಿ ಕೊಡ್ತೀವಿ’ ಅಂದ್ರ ಪಿಟೀಲು ಕಳಿಸಬ್ಯಾಡ್ರಿ, ಫೋಟೋ ಕಳಿಸ್ರಿ. ನೂರು ವರ್ಷ ದಾಟಿದ ಕರಕುಶಲ ವಸ್ತು 1972ರ ಪುರಾತನ ವಸ್ತು ಕಾಯಿದೆ ಒಳಗ ಬರ್ತದ. ಅಂಥಾದ್ದನ್ನ ಖಾಸಗಿಯವರು ರಫ್ತು ಮಾಡೋ ಹಂಗಿಲ್ಲ. ಪುರಾತನ ವಸ್ತು ಅಲ್ಲ ಅಂತ ಪುರಾತತ್ವ ಇಲಾಖೆ ಪತ್ರ ಇಲ್ಲದ ಕಸ್ಟಮ್ಸ್‌ನಾಗ ಸಿಕ್ಕೊಂಡ್ರ ಬಿಡಿಸ್ಕೊಳ್ಳೋದು ತ್ರಾಸ. ಮದಲನೇ ಅಭಿಪ್ರಾಯಕ್ಕ ಫೋಟೋ ಸಾಕು: ಮುಂದ, ಹಿಂದ, ಎರಡೂ ಪಕ್ಕ, ಸುರುಳಿ ನಾಕೂ ಕಡೆಯಿಂದ, ಎಫ್ ರಂಧ್ರ ಹತ್ತರದಿಂದ, ಲೇಬಲ್. ಕ್ಯಾಮೆರಾ ನೇರ ಹಿಡೀರಿ, ಫ್ಲ್ಯಾಶ್ ಬ್ಯಾಡ, ಕಿಟಕಿ ಬೆಳಕು ಇರಲಿ. ಹತ್ತರ ನಿಂತು ತಗದ್ರ ಆಕಾರ ಉಬ್ಬಿ ಕಾಣ್ತದ, ಎರಡು ಮೀಟರ್ ದೂರ ನಿಂತು ಝೂಮ್ ಮಾಡ್ರಿ.

ಎರಡು, ಪೆಟ್ಟಿಗ್ಯಾಗ ಹಳೇ ಕಮಾನು ಅದ ಏನ್ರಿ? ಅದರ ಕಡ್ಡಿ ಮ್ಯಾಲೆ, ಹಿಡಿಕೆ ಹತ್ತರ, ಅಚ್ಚೊತ್ತಿದ ಹೆಸರು ಇದ್ರ ಓದ್ರಿ. ಇಂಥಾ ಪಿಟೀಲಿನ ಜೋಡಿ ಬಂದ ಕಮಾನು ಕೆಲವೊಮ್ಮೆ ಪಿಟೀಲಿಗಿಂತ ಛಲೋ ಇರ್ತದ. ಕೂದಲ ಸಡಲ ಮಾಡಿ ಇಡ್ರಿ, ಬಿಗಿದ ಇಟ್ರ ಕಡ್ಡಿ ಬಾಗಿದ್ದು ಸೀದಾ ಆಗ್ತದ. ಪೆಟ್ಟಿಗ್ಯಾಗ ಸಣ್ಣ ತೇವಮಾಪಕ ಇಟ್ಟು 45–55 ಪರ್ಸೆಂಟ್ ನಡುವ ಇರೋ ಹಂಗ ನೋಡ್ಕೋರಿ. ಬ್ಯಾಸಗಿಯೊಳಗ ಕಲಬುರಗಿ, ವಿಜಯಪುರದ ಕಡೆ ಬಿರುಕು ಬಾಯಿ ಬಿಡ್ತದ, ಮಳಿಗಾಲದಾಗ ಮಂಗಳೂರು, ಕಾರವಾರದ ಕಡೆ ಅಂಟು ಮೆತ್ತಗಾಗಿ ಅಂಚು ಬಿಡ್ತದ. ಅಂಚು ಬಿಟ್ಟಿದ್ದು ಗೊತ್ತಾಗಬೇಕಂದ್ರ ಬೆರಳ ಗೆಣ್ಣಿಲೆ ಸುತ್ತ ಮೆಲ್ಲಗ ಬಡೀರಿ. ಎಲ್ಲಿ ಟಕ್ ಟಕ್ ಅನ್ನೋ ಬದಲಿ ಪಟ ಪಟ ಅಂತದ, ಅಲ್ಲಿ ಬಿಟ್ಟದ.